ಇಪ್ಪತ್ತೇಳೇ ತಿದ್ದುಪಡಿ ಆಗಿದ್ದರೂ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಇಷ್ಟು ಅಧಿಕಾರ ಎಲ್ಲಿಂದ ಬಂತು?

ನೀವು ಕೇಳಿದ್ದು ಎರಡು ವಿಷಯ. ನಮ್ಮ ಸಂವಿಧಾನಕ್ಕೆ ನೂರಕ್ಕೂ ಜಾಸ್ತಿ ತಿದ್ದುಪಡಿ ಆಗಿದೆ, ಅಮೆರಿಕದ್ದಕ್ಕೆ ಬರೀ 27. ಆದರೂ ವಾಷಿಂಗ್ಟನ್ ಸರ್ಕಾರ ಕಾರ್ಖಾನೆಯ ಕೂಲಿಯಿಂದ ಹಿಡಿದು ಹೋಟೆಲಿನ ಊಟದ ಮೇಜಿನವರೆಗೂ ಕೈಹಾಕುವುದು ಹೇಗೆ? ಮತ್ತೆ, ಈಗ ಅದು ಕಡಿಮೆ ಆಗುತ್ತಿದೆಯಾ?

ನಾನು ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುವವನು. ಈ ಪ್ರಶ್ನೆ ಬಂದಾಗ ತಿದ್ದುಪಡಿಗಳನ್ನು ಪಕ್ಕಕ್ಕಿಟ್ಟು ಒಂದೇ ಒಂದು ಸಾಲು ತೋರಿಸುತ್ತೇನೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಆ ಸಂವಿಧಾನದ ಮೊದಲ ವಿಧಿಯ ಎಂಟನೇ ಸೆಕ್ಷನ್‌ನಲ್ಲಿ ಅದು ಇದೆ. ಹೊರದೇಶಗಳ ಜೊತೆ, ರಾಜ್ಯ ರಾಜ್ಯಗಳ ನಡುವೆ, ಮೂಲನಿವಾಸಿ ಬುಡಕಟ್ಟುಗಳ ಜೊತೆ ನಡೆಯುವ ವ್ಯಾಪಾರಕ್ಕೆ ನಿಯಮ ಮಾಡುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಸೇರಿದ್ದು. ಅಷ್ಟೇ. ನಮ್ಮ ಹಾಗೆ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಅಂತ ಅಲ್ಲಿಲ್ಲ. ಕೇಂದ್ರಕ್ಕೆ ಕೊಡದೇ ಇದ್ದದ್ದು ರಾಜ್ಯಗಳದ್ದು ಅಥವಾ ಜನರದ್ದು ಅಂತ 1791ರ ಹತ್ತನೇ ತಿದ್ದುಪಡಿ ಹೇಳಿಬಿಟ್ಟಿದೆ. ಹಾಗಾಗಿ ವ್ಯಾಪಾರದ ಆ ಸಾಲನ್ನು ಎಲ್ಲಿಯವರೆಗೆ ಎಳೆಯಬಹುದು ಅನ್ನುವುದೇ ಜಗಳ. ತೀರ್ಪು ಕೊಡುವವರು ಸುಪ್ರೀಂ ಕೋರ್ಟ್ ಜಡ್ಜ್‌ಗಳು.

ಮೊದಲ ದೊಡ್ಡ ಕೇಸು 1824ರದ್ದು. ತನ್ನ ನೀರಿನಲ್ಲಿ ಸ್ಟೀಮ್ ಬೋಟ್ ಓಡಿಸುವ ಹಕ್ಕನ್ನು ನ್ಯೂಯಾರ್ಕ್ ರಾಜ್ಯ ಕೆಲವರಿಗೆ ಮಾತ್ರ ಕೊಟ್ಟಿತ್ತು. ಗಿಬನ್ಸ್ ಅನ್ನುವವನು ಕೇಂದ್ರದ ಲೈಸೆನ್ಸ್ ಹಿಡಿದು ನ್ಯೂಜೆರ್ಸಿಯಿಂದ ಬೋಟ್ ಬಿಟ್ಟ. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವನ ಪರ ನಿಂತರು. ಸರಕು ಮಾರುವುದಷ್ಟೇ ಅಲ್ಲ, ದೋಣಿ ಸಂಚಾರವೂ ವ್ಯಾಪಾರವೇ ಅಂದರು.

ಆದರೆ ದಾರಿ ನೇರವಾಗಿರಲಿಲ್ಲ. ಚಿಕ್ಕ ಮಕ್ಕಳನ್ನು ದುಡಿಸಿ ಮಾಡಿದ ಸರಕು ರಾಜ್ಯದ ಗಡಿ ದಾಟಬಾರದು ಅಂತ 1916ರಲ್ಲಿ ಕಾಂಗ್ರೆಸ್ ಕಾನೂನು ತಂದಿತು. ನಾರ್ತ್ ಕೆರೊಲಿನಾದ ಹತ್ತಿ ಗಿರಣಿಯಲ್ಲಿ ಇಬ್ಬರು ಮಕ್ಕಳನ್ನು ಕೆಲಸಕ್ಕೆ ಬಿಟ್ಟಿದ್ದ ಅಪ್ಪನೇ ಅದರ ವಿರುದ್ಧ ಕೋರ್ಟಿಗೆ ಹೋದ, ಗೆದ್ದೂ ಬಂದ. ತಯಾರಿಕೆ ಬೇರೆ, ವ್ಯಾಪಾರ ಬೇರೆ ಅಂತ 1918ರಲ್ಲಿ ಐವರು ಜಡ್ಜ್‌ಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ.

1935ರಲ್ಲಿ ಕೋಳಿ ಕೇಸು ಬಂತು. ಆರ್ಥಿಕ ಕುಸಿತದಿಂದ ದೇಶವನ್ನು ಎತ್ತಲು ರೂಸ್‌ವೆಲ್ಟ್ ಸರ್ಕಾರ ಒಂದೊಂದು ಕಸುಬಿಗೂ ನಿಯಮಾವಳಿ ಮಾಡಿಸಿತ್ತು. ಬ್ರೂಕ್ಲಿನ್‌ನಲ್ಲಿ ಕೋಳಿ ಮಾರುವ ಶೆಕ್ಟರ್ ಸೋದರರ ಮೇಲೆ ಇದ್ದ ಆರೋಪಗಳಲ್ಲಿ ಒಂದು ಕೇಳಿ: ಗಿರಾಕಿಗಳಿಗೆ ಬೇಕಾದ ಕೋಳಿಯನ್ನು ಆರಿಸಿಕೊಳ್ಳಲು ಬಿಟ್ಟರು! ನಿಯಮದ ಪ್ರಕಾರ ಗೂಡಿಗೆ ಕೈ ಹಾಕಿದಾಗ ಸಿಕ್ಕಿದ್ದನ್ನೇ ತೆಗೆದುಕೊಳ್ಳಬೇಕಿತ್ತು. ಇದನ್ನು ವಾದದ ವೇಳೆ ವಿವರಿಸಿದಾಗ ಕೋರ್ಟಿನಲ್ಲೇ ನಗು ಎದ್ದಿತ್ತು. ಕೋಳಿ ಹೊರರಾಜ್ಯದಿಂದ ಬಂದಿರಬಹುದು, ಆದರೆ ಬ್ರೂಕ್ಲಿನ್ ತಲುಪಿದ ಮೇಲೆ ಅದು ಸ್ಥಳೀಯ ವ್ಯಾಪಾರ ಅಂತ ಒಂಬತ್ತೂ ಜನ ಒಂದೇ ಮಾತಿನಲ್ಲಿ ಕಾನೂನನ್ನು ಹೊಡೆದುಹಾಕಿದರು.

1936ರ ಚುನಾವಣೆಯಲ್ಲಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. 1937ರ ಫೆಬ್ರವರಿಯಲ್ಲಿ, 70 ದಾಟಿಯೂ ಕುರ್ಚಿ ಬಿಡದ ಪ್ರತಿ ಜಡ್ಜ್‌ಗೆ ಎದುರಾಗಿ ಒಬ್ಬ ಹೊಸಬರನ್ನು, ಒಟ್ಟು ಆರು ಜನರವರೆಗೆ, ನೇಮಿಸುವ ಯೋಜನೆ ಮುಂದಿಟ್ಟರು. ಸೆನೆಟ್ ಒಪ್ಪಲಿಲ್ಲ. ಆದರೆ ಮಾರ್ಚ್‌ನಲ್ಲಿ ಒಂದು ರಾಜ್ಯದ ಕನಿಷ್ಠ ಕೂಲಿ ಕಾನೂನನ್ನು, ಏಪ್ರಿಲ್‌ನಲ್ಲಿ ಕಾರ್ಮಿಕ ಸಂಘದ ಹಕ್ಕಿನ ಕೇಂದ್ರ ಕಾನೂನನ್ನು ಕೋರ್ಟ್ ಎತ್ತಿಹಿಡಿಯಿತು. ಜಡ್ಜ್‌ಗಳು ಹೆದರಿ ತಿರುಗಿಬಿದ್ದರು ಅಂತ ಹೇಳುವುದು ರೂಢಿ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಕೂಲಿ ಕೇಸಿನಲ್ಲಿ ಜಡ್ಜ್‌ಗಳು ತಮ್ಮೊಳಗೆ ಮತ ಹಾಕಿದ್ದು 1936ರ ಡಿಸೆಂಬರ್‌ನಲ್ಲೇ, ಯೋಜನೆ ಹೊರಬೀಳುವ ಮೊದಲೇ. ಅಷ್ಟು ದೊಡ್ಡ ಚುನಾವಣೆಯ ಫಲಿತಾಂಶ ಮಾತ್ರ ಅವರ ಕಣ್ಣ ಮುಂದೆಯೇ ಇತ್ತು.

ಆಮೇಲೆ ಗೋಧಿ. ಈ ಕೇಸನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಹಾಯೋದ ರೈತ ರಾಸ್ಕೋ ಫಿಲ್‌ಬರ್ನ್. ಬೆಲೆ ಬೀಳಬಾರದು ಅಂತ 1938ರ ಕಾನೂನು ಅವನಿಗೆ ಗೋಧಿ ಬಿತ್ತಲು ಕೊಟ್ಟ ಮಿತಿ 11.1 ಎಕರೆ. ಅವನು ಬಿತ್ತಿದ್ದು 23 ಎಕರೆ. ಹೆಚ್ಚುವರಿ ಬೆಳೆ 239 ಬುಷೆಲ್, ನಮ್ಮ ಲೆಕ್ಕದಲ್ಲಿ ಸುಮಾರು 65 ಕ್ವಿಂಟಲ್. ಬುಷೆಲ್‌ಗೆ 49 ಸೆಂಟ್‌ನಂತೆ 117 ಡಾಲರ್ 11 ಸೆಂಟ್ ದಂಡ. ಅವನು ಕಟ್ಟಲಿಲ್ಲ. ಹೆಚ್ಚುವರಿ ಗೋಧಿ ನನ್ನ ದನಕ್ಕೆ, ಕೋಳಿಗೆ, ಮನೆಯ ಹಿಟ್ಟಿಗೆ, ಮುಂದಿನ ಬಿತ್ತನೆಗೆ; ಮಾರದೇ ಇರುವ ಗೋಧಿ ಅದ್ಯಾವ ವ್ಯಾಪಾರ ಅಂತ ಕೇಳಿದ. ನ್ಯಾಯವಾದ ಪ್ರಶ್ನೆ, ಅಲ್ವಾ?

1942ರಲ್ಲಿ ಅವನು ಸೋತ, ಅದೂ ಎಲ್ಲ ಜಡ್ಜ್‌ಗಳ ಒಮ್ಮತದಿಂದ. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ತರ್ಕ ಹೀಗಿದೆ: ಮನೆಗೆ ಬೆಳೆದುಕೊಂಡವನು ಪೇಟೆಯಲ್ಲಿ ಕೊಳ್ಳುವುದಿಲ್ಲ. ಒಬ್ಬ ಕೊಳ್ಳದಿದ್ದರೆ ಏನೂ ಆಗುವುದಿಲ್ಲ. ಅವನಂಥವರೆಲ್ಲ ಸೇರಿದರೆ ಇಡೀ ದೇಶದ ಗೋಧಿ ಬೆಲೆ ಅಲ್ಲಾಡುತ್ತದೆ. ಬೆಲೆಯ ವಿಷಯದಲ್ಲಿ ಇದು ಸರಿಯೇ. ಆದರೆ ಈ ತರ್ಕ ಹಿಡಿದು ಹೊರಟರೆ ಯಾವ ಕೆಲಸ ತಾನೇ ಕೇಂದ್ರದ ಕೈಗೆ ಸಿಗುವುದಿಲ್ಲ? ನನಗೆ ಇವತ್ತಿಗೂ ಫಿಲ್‌ಬರ್ನ್ ಬಗ್ಗೆ ಪಾಪ ಅನ್ನಿಸುತ್ತದೆ.

ಹಾಗಂತ ಈ ತೀರ್ಪನ್ನು ಸುಮ್ನೆ ಬೈಯುವವರು 1964ನ್ನೂ ನೋಡಬೇಕು. ಸಮಾನತೆ ಕೊಡುವ 14ನೇ ತಿದ್ದುಪಡಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಹೋಟೆಲಿನವರನ್ನಲ್ಲ ಅಂತ 1883ರಲ್ಲೇ ಕೋರ್ಟ್ ಹೇಳಿತ್ತು. ಹಾಗಾಗಿ ನಾಗರಿಕ ಹಕ್ಕುಗಳ ಕಾಯ್ದೆಗೆ ಕಾಂಗ್ರೆಸ್ ಮುಖ್ಯವಾಗಿ ಆಸರೆ ಹಿಡಿದದ್ದು ಅದೇ ವ್ಯಾಪಾರದ ಸಾಲನ್ನು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲಿಸ್ ಬಾರ್ಬೆಕ್ಯೂ ಅಂತ ಊಟದ ಹೋಟೆಲ್. ಕಪ್ಪು ಜನ ಪಾರ್ಸೆಲ್ ಒಯ್ಯಬಹುದು, ಒಳಗೆ ಕೂರುವಂತಿಲ್ಲ. ಗಿರಾಕಿಗಳು ಸ್ಥಳೀಯರು. ಆದರೆ ಒಂದು ವರ್ಷದಲ್ಲಿ ಹೊರರಾಜ್ಯದಿಂದ ಬಂದಿದ್ದ 69,683 ಡಾಲರ್ ಮಾಂಸ ಅಲ್ಲಿನ ಅಡುಗೆಮನೆ ಸೇರಿತ್ತು. ಕೋರ್ಟಿಗೆ ಅಷ್ಟು ಸಾಕಾಯಿತು. ಮನುಷ್ಯನ ಮರ್ಯಾದೆಯ ಪ್ರಶ್ನೆಯನ್ನು ಮಾಂಸದ ಬಿಲ್ಲಿನ ಮೇಲೆ ಗೆಲ್ಲಬೇಕಾಗಿ ಬಂದದ್ದು ವಿಚಿತ್ರ, ನಿಜ. ತೀರ್ಪಿನಲ್ಲಿ ಆಧಾರವಾಗಿ ಹೆಸರಿಸಿದ ಕೇಸುಗಳಲ್ಲಿ ಫಿಲ್‌ಬರ್ನ್ ಗೋಧಿಯೂ ಒಂದು.

ಇನ್ನೊಂದು ದಾರಿ ದುಡ್ಡು. 1913ರ 16ನೇ ತಿದ್ದುಪಡಿಯಿಂದ ಆದಾಯ ತೆರಿಗೆ ಗಟ್ಟಿಯಾಯಿತು. ಕೈಯಲ್ಲಿ ಹಣ ಇದ್ದವರು ಷರತ್ತೂ ಹಾಕುತ್ತಾರೆ. ಕುಡಿಯುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಶೇ 5 ಕಡಿತ ಅಂದರು. 1987ರಲ್ಲಿ ಕೋರ್ಟ್ ಅದನ್ನೂ ಒಪ್ಪಿತು.

ಎರಡನೇ ಪ್ರಶ್ನೆಗೆ ಬರುತ್ತೇನೆ. 1995ರಲ್ಲಿ ಮೊದಲ ಬ್ರೇಕ್ ಬಿತ್ತು. ಟೆಕ್ಸಾಸ್‌ನ ವಿದ್ಯಾರ್ಥಿಯೊಬ್ಬ ಶಾಲೆಗೆ ಬಂದೂಕು ತಂದದ್ದು ವ್ಯಾಪಾರ ಅಲ್ಲ ಅಂತ ಕೋರ್ಟ್ 5-4ರಲ್ಲಿ ಹೇಳಿತು. ಆದರೆ 2005ರಲ್ಲಿ ಕ್ಯಾಲಿಫೋರ್ನಿಯಾದ ಮನೆಯಲ್ಲಿ ಔಷಧಿಗೆಂದು ಬೆಳೆದ ಗಾಂಜಾ ಗಿಡಕ್ಕೆ ಮತ್ತೆ ಅದೇ ಗೋಧಿ ತರ್ಕ. 2012ರಲ್ಲಿ, ಆರೋಗ್ಯ ವಿಮೆ ಕೊಳ್ಳಲೇಬೇಕು ಅಂತ ವ್ಯಾಪಾರದ ಹೆಸರಿನಲ್ಲಿ ಬಲವಂತ ಮಾಡುವಂತಿಲ್ಲ ಅಂದರು. ಕೊಳ್ಳದವರಿಗೆ ಹಾಕುವ ದಂಡವನ್ನು ತೆರಿಗೆ ಅಂತ ಒಪ್ಪಿಕೊಂಡು ಕಾನೂನನ್ನು ಉಳಿಸಿದರು. ಮುಂದಿನ ಬಾಗಿಲು ಮುಚ್ಚಿ ಹಿತ್ತಲ ಬಾಗಿಲು ತೆರೆದಂತೆ!

ಹಾಗಾಗಿ ಆ ಸಾಲಿನ ಬಲ ಅಷ್ಟೇನೂ ಇಳಿದಿಲ್ಲ. ಈಗಿನ ಜಟಾಪಟಿ ಕಾನೂನು ಜಾರಿ ಮಾಡುವ ಏಜೆನ್ಸಿಗಳದ್ದು. ಕಾನೂನು ಅಸ್ಪಷ್ಟವಾಗಿದ್ದರೆ ಏಜೆನ್ಸಿ ಮಾಡಿದ ಅರ್ಥ ಸಮಂಜಸವಾಗಿದ್ದರೆ ಸಾಕು, ಕೋರ್ಟ್ ಒಪ್ಪಬೇಕು ಅಂತ 1984ರಿಂದ ಇತ್ತು. 2024ರಲ್ಲಿ ಅದನ್ನು ಕಿತ್ತುಹಾಕಿ, ಅರ್ಥ ಹೇಳುವುದು ನಮ್ಮ ಕೆಲಸ ಅಂತ ಜಡ್ಜ್‌ಗಳು ವಾಪಸ್ ಪಡೆದರು. ಕೇಸು ಹಾಕಿದ್ದು ಹೆರಿಂಗ್ ಮೀನು ಹಿಡಿಯುವವರು: ನಮ್ಮ ದೋಣಿಯಲ್ಲಿ ಬಂದು ಕೂರುವ ವೀಕ್ಷಕರ ಸಂಬಳ ನಾವೇ ಯಾಕೆ ಕೊಡಬೇಕು ಅನ್ನುವುದು ಅವರ ತಕರಾರು.