‘ಅದರಲ್ಲಿ ನನ್ನ ಕೈಲಿ ಮಾಡೋದು ಉಂಟು’

(ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ.)

‘ಇನ್ನು ಮೂವತ್ತು ವರ್ಷಕ್ಕೆ ಎಂತದೂ ಉಳಿಯೋದಿಲ್ಲ. ಮತ್ತೆ ಇದೆಲ್ಲ ಎಂತಕ್ಕೆ?’ ಇತ್ತೀಚಿನ ಮಳೆಗಾಲಗಳಲ್ಲಿ ಈ ಮಾತು ಬೇರೆ ಬೇರೆ ಬಾಯಿಗಳಿಂದ ಕೇಳಿಬರುತ್ತಿದೆ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ನದಿಗೆ ಬಿತ್ತು. ಮೂರು ವಾರ ಕಳೆಯುತ್ತಲೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಆಮೇಲೆ ಇದು ಇನ್ನೂ ಹೆಚ್ಚಿತು. ಹೇಳುವವರು ಸೋಮಾರಿಗಳಲ್ಲ. ಓದಿದವರು, ಸುದ್ದಿ ತಿಳಿದವರು. ಅವರ ಹೆದರಿಕೆಗೆ ಕಾರಣವೂ ಇದೆ. ಹಾಗಾಗಿಯೇ ‘ಸುಮ್ಮನೆ ತಲೆ ಕೆಡಿಸ್ಕೊಳ್ಬೇಡ’ ಎಂಬ ಮನೆಯವರ ಮಾತು ಅವರಿಗೆ ನಾಟುವುದಿಲ್ಲ.

ಈ ಪ್ರಕರಣದ ಯುವಕ ಅಘನಾಶಿನಿ ಕಣಿವೆಯ ಕಡೆಯವನು. ಎರಡು ಎಕರೆ ಅಡಿಕೆ ತೋಟವಿದೆ, ಜೊತೆಗೆ ಮನೆಯಿಂದಲೇ ಮಾಡುವ ಕಂಪ್ಯೂಟರ್ ಕೆಲಸ. ಮದುವೆಯಾಗಿ ನಾಲ್ಕು ವರ್ಷ. ಮಗು ಬೇಡವೆಂದ, ತೋಟದಲ್ಲಿ ಸತ್ತ ಮರದ ಜಾಗಕ್ಕೆ ಸಸಿ ನೆಡುವುದನ್ನೂ ಬಿಟ್ಟ. ಮೊದಲ ದಿನ ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದವರು ಆಯಿ (ತಾಯಿ) ಮತ್ತು ಹೆಂಡತಿ. ಆಯಿಯ ಬೇಡಿಕೆ ಒಂದೇ: ‘ಒಂದು ಮಗು ಮಾಡ್ಕೊ ಅಂತ ನೀವಾದ್ರೂ ಹೇಳಿ ಮೇಡಂ.’

ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ. ಮಗು ಬೇಕೋ ಬೇಡವೋ ಎನ್ನುವುದು ಗಂಡ ಹೆಂಡತಿಯ ತೀರ್ಮಾನ. ಆಪ್ತಸಲಹೆಗಾರರು ಆಯಿಯ ವಕಾಲತ್ತು ವಹಿಸಿದ ದಿನವೇ ಎದುರಿಗೆ ಕುಳಿತವರ ಬಾಯಿ ಮುಚ್ಚಿಹೋಗುತ್ತದೆ. ಆ ತೀರ್ಮಾನ ಹತಾಶೆಯಿಂದ ಬಂತೋ, ಯೋಚನೆಯಿಂದ ಬಂತೋ ಎಂದು ನೋಡುವುದಷ್ಟೇ ನಮ್ಮ ಕೆಲಸ.

ಮೊದಲು ಮಾಡಿದ್ದು ತೀರ ಸಪ್ಪೆ ಕೆಲಸ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಸ್ಥಿತಿಗೆ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ದಿಕ್ಕಿನಲ್ಲಿ ಗಂಭೀರವಾಗಿ ನೋಡಬೇಕು. ಈತನದು 13. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಅದನ್ನು ಕಾಗದದ ಮೇಲಷ್ಟೇ ಬಿಡದೆ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಸುಳ್ಳು. ಈತನಲ್ಲಿ ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಈ ಬರಹದ ದಾರಿಯೇ ಬೇರೆಯಾಗುತ್ತಿತ್ತು. ಮನೋವೈದ್ಯರು ನೋಡಿ, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ, ಸದ್ಯಕ್ಕೆ ಮಾತ್ರೆ ಬೇಡ, ನಿದ್ದೆ ಸರಿಮಾಡಿ ನೋಡೋಣ ಎಂದರು. ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಹಿಮನದಿ, ಕಾಳ್ಗಿಚ್ಚು, ಯುದ್ಧ. ಬೆಳಿಗ್ಗೆ ಎದ್ದಾಗ ಲೋಕ ಮುಳುಗಿದಂತೆ ಕಾಣದೆ ಇನ್ನೇನು?

ಈ ಅನುಕ್ರಮವನ್ನು ಒತ್ತಿ ಹೇಳಲು ಕಾರಣವಿದೆ. ಖಿನ್ನತೆಯಲ್ಲಿರುವವರಿಗೆ ‘ಆಶಾವಾದವನ್ನು ಆರಿಸಿಕೊಳ್ಳಿ’ ಎನ್ನುವುದು ಕಾಲು ಮುರಿದವನಿಗೆ ಓಡು ಎಂದ ಹಾಗೆ. ಆರಿಸಿಕೊಳ್ಳುವ ಶಕ್ತಿಯೇ ಅಲ್ಲಿ ಪೆಟ್ಟು ತಿಂದಿರುತ್ತದೆ. ಮೊದಲು ನಿದ್ದೆ, ಊಟ, ಬೇಕಿದ್ದರೆ ಔಷಧ. ಆಮೇಲೆ ಮಾತು.

ಮೊಬೈಲ್ ಚಾರ್ಜರ್ ಮಲಗುವ ಕೋಣೆಯಿಂದ ಅಡಿಗೆಮನೆಗೆ ಹೋಯಿತು. ಸುದ್ದಿ ದಿನಕ್ಕೆ ಎರಡು ಸಲ, 20 ನಿಮಿಷ, ಸಂಜೆ ಏಳರ ನಂತರ ಇಲ್ಲ. ಎರಡು ವಾರ ಕಷ್ಟಪಟ್ಟ, ಮೂರನೆಯ ವಾರ ರಾತ್ರಿ ಆರು ಗಂಟೆ ನಿದ್ದೆ ಬಂತು.

ಎರಡನೆಯ ಭೇಟಿಯಲ್ಲಿ ಆದ ತಪ್ಪನ್ನು ಬರೆಯಲೇಬೇಕು, ಏಕೆಂದರೆ ಅನೇಕರು ಇದನ್ನೇ ಮಾಡುತ್ತಾರೆ. ಒಳ್ಳೆಯ ಸಂಗತಿಗಳ ಒಂದು ಹಾಳೆ ಆತನ ಮುಂದೆ ಇಟ್ಟಾಯಿತು. ಓಝೋನ್ ಪದರದ ತೂತು 1985ರಲ್ಲಿ ಗೊತ್ತಾಯಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಈಗ ಪದರ ನಿಧಾನವಾಗಿ ಕೂಡಿಕೊಳ್ಳುತ್ತಿದೆ. ಸಿಡುಬನ್ನು 1980ರಲ್ಲಿ ಭೂಮಿಯಿಂದಲೇ ಅಳಿಸಿದ್ದಾಗಿ ಘೋಷಣೆಯಾಯಿತು. ಭಾರತದಲ್ಲಿ 1990ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 126 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು, ಈಗ ಸುಮಾರು 30. ಸೌರ ವಿದ್ಯುತ್ತಿನ ಖರ್ಚು 2010ರಿಂದ ಈಚೆಗೆ ಸುಮಾರು ಶೇ 90ರಷ್ಟು ಇಳಿದಿದೆ. ಎಲ್ಲ ನಿಜ. ಆದರೂ ಆತ ಪ್ರತಿಯೊಂದಕ್ಕೂ ಒಂದು ಎದುರುತ್ತರ ಕೊಟ್ಟ. ಅವೂ ನಿಜವೇ. ಒಂದು ಗಂಟೆ ಚರ್ಚಾಸ್ಪರ್ಧೆಯಾಯಿತು, ಗೆದ್ದವನು ಆತನೇ. ಹತಾಶೆಯ ವಾದ ಇನ್ನಷ್ಟು ಹರಿತವಾಯಿತು, ಅಷ್ಟೆ. ಸುದ್ದಿಯಿಂದ ಬಂದ ಕಾಯಿಲೆಗೆ ಸುದ್ದಿಯೇ ಮದ್ದಾಗುವುದಿಲ್ಲ.

ತಿರುವು ಬಂದದ್ದು ನಾಲ್ಕನೆಯ ಭೇಟಿಯಲ್ಲಿ, ಯೋಜನೆಯಿಲ್ಲದೆ. ಜುಲೈ ನಡುಭಾಗ, ಎರಡು ದಿನ ಮಳೆ ಹೊಳವಾಗಿತ್ತು. ನಿದ್ದೆ ಹೇಗೆ ಎಂದು ಕೇಳಿದ್ದಕ್ಕೆ, ‘ನಿನ್ನೆ ತಡ ಆಯ್ತು, ಬೆಳಿಗ್ಗೆ ಕೊನೆಗೌಡ ಬರ್ತೆ ಅಂದಿದ್ದ, ಎರಡನೇ ಮದ್ದಿಗೆ ಎಲ್ಲ ತಯಾರು ಮಾಡ್ಬೇಕಿತ್ತು’ ಎಂದ. ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡುವವನು. ಮದ್ದು ಎಂದರೆ ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ. ಅದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಇಪ್ಪತ್ತು ನಿಮಿಷ ಹೇಳಿದ, ಅಷ್ಟೂ ಹೊತ್ತು ಅದೇ ಮನುಷ್ಯನ ದನಿ ಬೇರೆ.

ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಕಬ್ಬಿಣದ ಪಾತ್ರೆ ಕೂಡದು, ಪ್ಲಾಸ್ಟಿಕ್ ಬ್ಯಾರಲ್ಲೇ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಮಾಡಿದರೆ ಮದ್ದು ಕೆಡುತ್ತದೆ. ಹದ ನೋಡಲು ತಿಕ್ಕಿ ತೊಳೆದ ಕತ್ತಿಯನ್ನು ಒಂದು ನಿಮಿಷ ಅದ್ದಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಮಿಳ್ಳೆ (ಎಳೆಯ ಅಡಿಕೆಕಾಯಿ) ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಹಿಡಿತ ಹೋಗುತ್ತದೆ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ, ಮಳೆ ಎಳೆದರೆ ಮೂರನೆಯದು.

‘ಇಷ್ಟು ಮಾಡಿದ್ರೆ ಕೊಳೆ ಬರೋದಿಲ್ವಾ?’

‘ಬರ್ತದೆ. ಕೆಲವು ವರ್ಷ ಮೂರು ಸಲ ಹೊಡೆದ್ರೂ ಬರ್ತದೆ.’

‘ಹೊಡೀದಿದ್ರೆ?’

‘ಹೊಡೀದೆ ಇರ್ತಾರಾ ಮೇಡಂ?’ ನಗು ಬಂತು ಆತನಿಗೆ. ಆ ನಗು ಮೊದಲನೆಯದು.

‘ಅಂದ್ರೆ ಈ ವರ್ಷ ಕೊಳೆ ಬರ್ತದೋ ಇಲ್ವೋ ಗೊತ್ತಿಲ್ದೆ ಅಷ್ಟೆಲ್ಲ ಮದ್ದು ಹೊಡೆಸಿದ್ರಿ.’

ಸುಮಾರು ಹೊತ್ತು ಸುಮ್ಮನಿದ್ದ. ಮಾತು ಎತ್ತ ಹೋಗುತ್ತಿದೆಯೆಂದು ಗೊತ್ತಾಗಿತ್ತು. ‘ಅದು ಬೇರೆ ಮೇಡಂ. ಅದರಲ್ಲಿ ನನ್ನ ಕೈಲಿ ಮಾಡೋದು ಉಂಟು.’

‘ಎಷ್ಟು ಉಂಟು?’

ಬೆರಳು ಮಡಚಿ ಲೆಕ್ಕ ಹಾಕಿದ. ಮಳೆ ತನ್ನ ಕೈಲಿಲ್ಲ. ಅಡಿಕೆಯ ದರ ಕೈಲಿಲ್ಲ. ಮದ್ದಿನ ಹದ ಇದೆ, ದಿನ ಇದೆ, ಬಸಿಗಾಲುವೆ ಬಿಡಿಸುವುದು ಇದೆ, ಕೊಳೆತು ಬಿದ್ದ ಅಡಿಕೆ ಹೆಕ್ಕಿ ತೋಟದಿಂದ ಹೊರಗೆ ಹಾಕುವುದು ಇದೆ. ಅಲ್ಲಿಗೆ ನಿಲ್ಲಿಸಿ ತಾನಾಗಿಯೇ ಸೇರಿಸಿದ: ‘ಪಕ್ಕದವರು ಹೊಡೆಸದಿದ್ರೆ ಅವರ ತೋಟದ್ದು ಗಾಳಿಮಳೆಗೆ ನಮ್ಮಲ್ಲಿಗೆ ಬರ್ತದೆ. ಅದು ನನ್ನ ಕೈಲಿಲ್ಲ.’ ತುಸು ತಡೆದು, ‘ಹೇಳೋದು ಉಂಟು, ಅಷ್ಟೆ.’

ಆ ದಿನ ಮುಂದಕ್ಕೆ ಒತ್ತಲಿಲ್ಲ. ಹೋಲಿಕೆಯನ್ನು ಎಳೆದು ಜಗತ್ತಿಗೆ ಅಂಟಿಸಿದ್ದರೆ ಮತ್ತೆ ವಾದಕ್ಕೆ ಇಳಿಯುತ್ತಿದ್ದ. ಕೊಳೆರೋಗವನ್ನು ಬಲ್ಲವನು ತಾನೇ ಹೇಳಿದ್ದನ್ನು ತಾನೇ ಕೇಳಿಸಿಕೊಂಡು ಮನೆಗೆ ಹೋದ.

ಇಲ್ಲಿ ಸಹೋದ್ಯೋಗಿಗಳದ್ದೊಂದು ಆಕ್ಷೇಪವಿದೆ: ತೋಟಕ್ಕೂ ಭೂಮಿಯ ತಾಪಕ್ಕೂ ಎಲ್ಲಿಯ ಹೋಲಿಕೆ, ಲೋಕದ ದುಃಖವನ್ನು ಎರಡು ಎಕರೆಗೆ ಕುಗ್ಗಿಸಿ ಸಮಾಧಾನ ಮಾಡಿದಿರಲ್ಲ? ಕುಗ್ಗಿಸಿದ್ದಲ್ಲ. ಈಗಿನ ನೀತಿಗಳೇ ಮುಂದುವರಿದರೆ ಈ ಶತಮಾನದ ಕೊನೆಗೆ ಭೂಮಿ ಸುಮಾರು 3 ಡಿಗ್ರಿ ಬಿಸಿಯೇರಬಹುದು, ಇದು ಕೆಟ್ಟ ಸುದ್ದಿಯೇ. ಆದರೆ 2015ರ ಪ್ಯಾರಿಸ್ ಒಪ್ಪಂದಕ್ಕೆ ಮುಂಚೆ ಅಂದಾಜು 4 ಡಿಗ್ರಿಯ ಹತ್ತಿರವಿತ್ತು. ನಡುವಿನ ಆ ಅಂತರ ಮಳೆಯಂತೆ ಮೇಲಿಂದ ಸುರಿದದ್ದಲ್ಲ, ಯಾರೋ ಕೂತು ಮಾಡಿದ ಕೆಲಸ. ‘ಎಲ್ಲ ಮುಗಿಯಿತು’ ಎನ್ನುವವನು ವಾಸ್ತವವಾದಿಯಂತೆ ಕಾಣುತ್ತಾನೆ, ಆದರೆ ಅವನು ಹೇಳುತ್ತಿರುವುದೂ ಕಣಿಯೇ. ‘ಎಲ್ಲ ಸರಿಹೋಗುತ್ತದೆ’ ಎನ್ನುವುದೂ ಕಣಿಯೇ. ಎರಡರಲ್ಲೂ ಕೈಗೆ ಕೆಲಸವಿಲ್ಲ. ಈ ಎರಡನ್ನೂ ಬಿಟ್ಟು, ತನ್ನ ಕೈಲಿರುವಷ್ಟನ್ನು ಮಾಡುವ ಮೂರನೆಯ ದಾರಿಯನ್ನು ಸಲಹೆಯಾಗಿ ಕೊಟ್ಟದ್ದು ಅದಕ್ಕೇ.

ಐದನೆಯ ಭೇಟಿಯಲ್ಲಿ ಕೊಟ್ಟ ಅಭ್ಯಾಸ ಹೀಗೆ. ವಾರಕ್ಕೆ ಒಂದೇ ಭಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎದುರಿಗೆ ಮೂರು ಸಾಲು: ಇದರಲ್ಲಿ ಯಾರ ಕೈಲಿ ಏನಿದೆ, ನನ್ನ ಪಾಲು ಯಾವುದು, ಯಾವ ತಾರೀಕಿಗೆ. ತಾರೀಕಿಲ್ಲದ ಸಾಲು ಲೆಕ್ಕಕ್ಕಿಲ್ಲ. ‘ಪರಿಸರ ಉಳಿಸಬೇಕು’ ಎಂದು ಬರೆದರೆ ಹೊಡೆದುಹಾಕಬೇಕು. ‘ಶನಿವಾರ ಬೆಟ್ಟದಲ್ಲಿ ಎರಡು ಇಂಗುಗುಂಡಿ’ ಎಂದರೆ ಇಟ್ಟುಕೊಳ್ಳಬಹುದು. ಒಂದೇ ಭಯ ಎಂದು ಮಿತಿ ಹಾಕದಿದ್ದರೆ ಏನಾಗುತ್ತದೆಂದು ಮೊದಲ ವಾರವೇ ಗೊತ್ತಾಯಿತು: ಹನ್ನೊಂದು ಪುಟ ಭಯ, ಕೆಲಸ ಅರ್ಧ ಸಾಲು. ಮಳೆಮಾಪಕ ಇಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತೇನೆ ಎಂದ. ಒಳ್ಳೆಯದೇ, ಆದರೆ ಅಳತೆ ಬರೆದು ಪುಸ್ತಕ ಮುಚ್ಚಬೇಕೆಂಬ ಷರತ್ತು ಹಾಕಬೇಕಾಯಿತು. ಇಲ್ಲದಿದ್ದರೆ ಮಿಲಿಮೀಟರುಗಳೇ ಹೊಸ ಸುದ್ದಿವಾಹಿನಿಯಾಗುತ್ತವೆ.

ವಾರದಲ್ಲಿ ಎರಡು ಗಂಟೆಯಾದರೂ ಬೇರೆಯವರ ಜೊತೆ ಸೇರಿ ಮಾಡುವ ಕೆಲಸವಿರಬೇಕು ಎಂಬುದು ಇನ್ನೊಂದು ಕಟ್ಟಳೆ. ಒಬ್ಬನೇ ಎಷ್ಟು ಗುಂಡಿ ತೋಡಿದರೂ ‘ನಾನೊಬ್ಬ ಮಾಡಿ ಏನು’ ಎಂಬ ಮಾತು ಹಿಂದೆಯೇ ಬರುತ್ತದೆ. ಈ ಜಿಲ್ಲೆಯಲ್ಲಿ ಇದನ್ನು ದೂರದ ಉದಾಹರಣೆ ಕೊಟ್ಟು ವಿವರಿಸಬೇಕಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯವರು ಮರ ಕಡಿಯುವುದನ್ನು ತಡೆಯಲು ಕಾಡಿಗೆ ಹೋಗಿ ಮರ ಅಪ್ಪಿಕೊಂಡಾಗ ಗೆಲ್ಲುತ್ತೇವೆಂದು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅಘನಾಶಿನಿ ಇಂದಿಗೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುತ್ತದೆ, ಅದರ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ನದಿಗೆ ಅಪಾಯ ತಪ್ಪಿತೆಂದು ಇದರ ಅರ್ಥವಲ್ಲ. ಎರಡನೆಯ ಭೇಟಿಯಲ್ಲಿ ಇದನ್ನೇ ಹೇಳಿದ್ದರೆ ಎದುರುತ್ತರ ಸಿದ್ಧವಿರುತ್ತಿತ್ತು. ಈಗ ಆತ ಕೇಳಿದ್ದು: ‘ಅವರು ಮೊದಲ ದಿನ ಎಷ್ಟು ಜನ ಹೋಗಿದ್ರು?’

ಹೆಂಡತಿಗೂ ಒಂದು ಮಾತು ಹೇಳಲಾಯಿತು. ಆತ ಹೆದರಿಕೆಯ ಸುದ್ದಿ ತೆಗೆದಾಗ ಅಲ್ಲಗಳೆಯುವುದೂ ಬೇಡ, ಜೊತೆಗೆ ಮುಳುಗುವುದೂ ಬೇಡ. ಹದಿನೈದು ನಿಮಿಷ ಕೇಳಿ, ‘ಅದರಲ್ಲಿ ನಮ್ಮ ಪಾಲು ಎಂತದು?’ ಎಂದಷ್ಟೇ ಕೇಳಬೇಕು. ಆಯಿಗೆ ಹೇಳಿದ್ದು ಇನ್ನೂ ಚಿಕ್ಕದು: ಆರು ತಿಂಗಳು ಮೊಮ್ಮಗುವಿನ ಮಾತು ಎತ್ತಬೇಡಿ. ಅವರಿಗೆ ಸಿಟ್ಟು ಬಂತು, ಆದರೂ ನಡೆಸಿಕೊಟ್ಟರು.

ಇಂಥ ಹತಾಶೆ ನಿದ್ದೆ, ಊಟ ಕೆಡಿಸಿ ಎರಡು ವಾರ ದಾಟಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬಹುದು. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ, ದುಡ್ಡಿಲ್ಲದೆ. ಸಾಯುವ ಯೋಚನೆ ಬಂದಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ.

ಎಂಟನೆಯ ಭೇಟಿಗೆ ಅಂಕ 6ಕ್ಕೆ ಇಳಿದಿತ್ತು. ಆತ ಹಸನ್ಮುಖಿಯೇನೂ ಆಗಿರಲಿಲ್ಲ, ಆಗಬೇಕೆಂದೂ ಇರಲಿಲ್ಲ. ಮಗುವಿನ ವಿಷಯ ಗಂಡ ಹೆಂಡತಿ ಮಾತಾಡುತ್ತಿದ್ದಾರೆ, ತೀರ್ಮಾನವಾಗಿಲ್ಲ. ನೋಟ್‌ಬುಕ್ಕಿನಲ್ಲಿ ತೋಟದ ನಕ್ಷೆ ಬರೆದು, ಒಂಬತ್ತಡಿ ಅಂತರದ ಸಾಲುಗಳಲ್ಲಿ ಖಾಲಿಯಿದ್ದ ನಲವತ್ತಮೂರು ಜಾಗಕ್ಕೆ ಗುರುತು ಹಾಕಿದ್ದ. ಪಕ್ಕದ ತೋಟದವರಿಗೆ ಒಂದೇ ದಿನ ಮದ್ದು ಹೊಡೆಸೋಣವೆಂದು ಹೇಳಿದ್ದನಂತೆ. ಅವರು ಒಪ್ಪಲಿಲ್ಲ.

‘ಮತ್ತೆ?’

‘ಮತ್ತೆಂತ, ಬರೋ ಮೇ ತಿಂಗಳಲ್ಲಿ ಇನ್ನೊಂದ್ಸಲ ಹೋಗಿ ಕೇಳ್ತೇನೆ.’