ಆ ‘ಕ್ರಾಪ್’ ಹೊಲದ್ದಲ್ಲ ಅಣ್ಣ, ಕೋಳಿ ಕೊರಳಿಂದು

ಬಾಗೇಪಲ್ಲಿ ಅಣ್ಣ ನಿನ್ನೆ ರಾತ್ರಿ ಕೇಳಿದ್ರು: ನಾಟಿ ಕೋಳಿ ಎರಡು ದಿನದಿಂದ ಮೇಯ್ತಿಲ್ಲ, ಯಾರೋ ಕೊಟ್ಟ ಇಂಗ್ಲಿಷ್ ಕರಪತ್ರದಲ್ಲಿ ‘ಸೌರ್ ಕ್ರಾಪ್’ ಅಂತಿದೆ, ಹಂಗಾದ್ರೆ ಹಾಕಿದ ಜೋಳ ಹುಳಿ ಬಂದಿದೆಯಾ, ಮೂಟೆ ಸುರಿದುಬಿಡ್ಲಾ ಅಂತ.

ಸುರೀಬೇಡಿ. ಅಲ್ಲಿ ಕ್ರಾಪ್ ಅಂದ್ರೆ ಬೆಳೆ ಅಲ್ಲ, ಕೋಳಿ ಕೊರಳಿನ ಬುಡದಲ್ಲಿ ತಿಂದ ಕಾಳು ಮೊದಲು ತುಂಬ್ಕೊಳೋ ಚೀಲ. ತೆಲುಗಿನವರು ಕಂದನಕಾಯಿ ಅಂತಾರಲ್ಲ, ಕಾಳು ಅರೆಯೋ ಭಾಗ, ಅದು ಬೇರೆ, ಇದಕ್ಕಿಂತ ಕೆಳಗಿರುತ್ತೆ. ಬೆಳಿಗ್ಗೆ ಗೂಡು ತೆಗೆದ ತಕ್ಷಣ, ಮೇವು ಹಾಕೋಕೆ ಮುಂಚೆ, ಎದೆ ಮೇಲೆ ಬೆರಳಿಟ್ಟು ನೋಡಿ. ರಾತ್ರಿ ತಿಂದಿದ್ದೆಲ್ಲ ಇಳಿದು ಚೀಲ ಖಾಲಿ ಇರ್ಬೇಕು. ನೀರು ತುಂಬಿದ ಬಲೂನಿನ ಹಂಗೆ ಮೆತ್ತಗಿದ್ದು ಬಾಯಿಂದ ಹುಳಿ ನಾತ ಬಂದ್ರೆ ಅದೇ ‘ಸೌರ್ ಕ್ರಾಪ್’, ಒಳಗೆ ಶಿಲೀಂಧ್ರ ಬೆಳೆದಿರುತ್ತೆ. ಕಲ್ಲಿನ ಹಂಗೆ ಗಟ್ಟಿಯಿದ್ರೆ ‘ಇಂಪ್ಯಾಕ್ಟೆಡ್ ಕ್ರಾಪ್’, ಉದ್ದನೆ ಹುಲ್ಲು ನಾರು ತಿಂದು ಕಟ್ಕೊಂಡಿರೋದು. ಎರಡಕ್ಕೂ ಮದ್ದು ಒಂದೇ ಅಲ್ಲ, ಪಶುವೈದ್ಯರಿಗೆ ತೋರಿಸಿ. ಕೋಳೀನ ತಲೆಕೆಳಗೆ ಹಿಡಿದು ಕಕ್ಕಿಸೋಕೆ ಮಾತ್ರ ಹೋಗ್ಬೇಡಿ, ಆ ನೀರು ಶ್ವಾಸಕ್ಕೆ ಹೋದ್ರೆ ಅಲ್ಲೇ ಮುಗೀತು.

ಪಾರಿವಾಳ ಸಾಕೋರು ‘ಕ್ರಾಪ್ ಮಿಲ್ಕ್’ ಅನ್ನೋದೂ ಈ ಚೀಲದಲ್ಲೇ ತಯಾರಾಗೋ ಹಾಲಿನಂಥ ಉಣಿಸು. ಗಂಡು ಹೆಣ್ಣು ಎರಡೂ ಇದನ್ನ ಮರಿಗೆ ಉಣಿಸ್ತಾವೆ.

ಕ್ರಾಪ್ ಅನ್ನೋ ಪದ ಒಂಟಿಯಾಗಿ ನಿಂತಾಗ ನಂಬೋಕಾಗಲ್ಲ, ಪಕ್ಕದ ಪದ ನೋಡ್ಲೇಬೇಕು. ಹಳೇ ಇಂಗ್ಲಿಷಲ್ಲಿ ಇದಕ್ಕೆ ಗಿಡದ ತಲೆ ಅಂತಲೂ ಹಕ್ಕಿಯ ಕೊರಳ ಚೀಲ ಅಂತಲೂ ಅರ್ಥ ಇತ್ತು. ತೆನೆ ಕೊಯ್ದಿದ್ದು ಬೆಳೆ ಆಯ್ತು, ತಲೆ ಕತ್ತರಿಸೋದು ಕ್ಷೌರ ಆಯ್ತು. ನಮ್ಮಜ್ಜ ಜುಟ್ಟು ತೆಗೆಸಿ ‘ಕ್ರಾಪು ಬಿಡಿಸ್ಕೊಂಡೆ’ ಅಂತಿದ್ದಿದ್ದೂ ಅದೇ ಪದ.

ನಾನೂ ಇದರಲ್ಲಿ ಏಟು ತಿಂದಿದ್ದೀನಿ. ಶಿಡ್ಲಘಟ್ಟದ ಕಡೆ ರೇಷ್ಮೆ ಶುರು ಮಾಡಿದಾಗ ಒಂದು ಇಂಗ್ಲಿಷ್ ಹಾಳೆಯಲ್ಲಿ ‘ಆಫ್ಟರ್ ಎವ್ರಿ ಕ್ರಾಪ್’ ಹುಳು ಸಾಕೋ ಮನೆ ಸೋಂಕು ತೊಳೀಬೇಕು ಅಂತಿತ್ತು. ಕ್ರಾಪ್ ಅಂದ್ರೆ ಹಿಪ್ಪುನೇರಳೆ ಅನ್ಕೊಂಡು, ವರ್ಷಕ್ಕೊಂದ್ಸಲ ಬುಡ ಕಡಿದಾಗ ಮಾತ್ರ ಬ್ಲೀಚಿಂಗ್ ಹೊಡೆದೆ. ಅಲ್ಲಿ ಹೇಳಿದ್ದು ಹುಳುವಿನ ಬೆಳೆ, ಚಾಕಿ (ಎಳೆ ಹುಳು) ತಂದಾಗಿಂದ ಗೂಡು ಬಿಡಿಸೋವರೆಗಿನ ಒಂದು ಸರದಿ. ಹುಳಿಗೆ ಹಾಲುತೊಂಡೆ ರೋಗ ಬಂದು ಎರಡು ಬೆಳೆ ತಿಪ್ಪೆಗೆ ಹೋಯ್ತು. ‘ವರ್ಷಕ್ಕೆ ಐದು ಬೆಳೆ ತೆಗೀತೀನಿ’ ಅಂತ ದಿನಾ ಬಾಯಲ್ಲಿ ಹೇಳ್ತಿದ್ದವನಿಗೆ ಇಂಗ್ಲಿಷಲ್ಲಿ ಓದಿದಾಗ ಹೊಳೀಲಿಲ್ಲ ನೋಡಿ.

ಹೊಲದ ಮಾತಿಗೆ ಬಂದ್ರೆ ಜನ ಜಾಸ್ತಿ ಕಲಸೋದು ‘ಟ್ರ್ಯಾಪ್ ಕ್ರಾಪ್’ ಮತ್ತೆ ‘ಕ್ಯಾಚ್ ಕ್ರಾಪ್’. ಎರಡರಲ್ಲೂ ಹಿಡಿಯೋ ಮಾತಿದೆ, ಆದ್ರೆ ಮೊದಲನೇದು ಹುಳ ಹಿಡಿಯುತ್ತೆ, ಎರಡನೇದು ಸಮಯ ಹಿಡಿಯುತ್ತೆ. ಟೊಮೇಟೊ 16 ಸಾಲಿಗೆ ಒಂದು ಸಾಲು ಚೆಂಡುಹೂ ಹಾಕ್ತೀವಲ್ಲ, ಕಾಯಿಕೊರಕದ ಪತಂಗ ಅಲ್ಲಿ ಮೊಟ್ಟೆ ಇಡಲಿ ಅಂತ, ಅದು ಟ್ರ್ಯಾಪ್. (ಎರಡೂ ಒಂದೇ ದಿನ ನೆಡೋದಾದ್ರೆ ಚೆಂಡುಹೂ ಸಸಿ 45 ದಿನದ್ದು, ಟೊಮೇಟೊ 25 ದಿನದ್ದು ಇರ್ಲಿ, ಇಲ್ಲಾಂದ್ರೆ ಹೂ ತಡ ಆಗಿ ಉಪಯೋಗ ಇಲ್ಲ.) ಎರಡು ದೊಡ್ಡ ಬೆಳೆ ನಡುವಿನ ಸಂದಲ್ಲಿ ಸೊಪ್ಪೋ ಮೂಲಂಗಿಯೋ ತೆಗೆದ್ರೆ ಅದು ಕ್ಯಾಚ್. ‘ಇಂಟರ್‌ಕ್ರಾಪ್’ಗೆ ಹೆಚ್ಚು ಹೇಳೋದೇ ಬೇಡ, ರಾಗಿ ನಡುವೆ ಅವರೆ ತೊಗರಿ ಹಾಕೋ ನಮ್ಮ ಅಕ್ಕಡಿ ಸಾಲು ಅದು. ‘ರಟೂನ್ ಕ್ರಾಪ್’ ಅಂದ್ರೆ ಕೂಳೆ, ಕೊಯ್ದ ಬುಡದಿಂದ ಮತ್ತೆ ಚಿಗುರೋ ಬೆಳೆ.

‘ಸ್ಟ್ಯಾಂಡಿಂಗ್ ಕ್ರಾಪ್’ಗೆ ನಾವು ಪೈರು ಅಂತೀವಿ, ‘ಬಂಪರ್ ಕ್ರಾಪ್’ ಬಂದಾಗ ಫಸಲು ಚೆನ್ನಾಗಿ ಬಂತು ಅಂತೀವಿ. ಇಂಗ್ಲಿಷಿನವರು ಕ್ರಾಪ್‌ಗೆ ಮೊದಲು ಒಂದು ಪದ ಸಿಕ್ಕಿಸ್ತಾರೆ, ನಾವು ಪದಾನೇ ಬದಲಾಯಿಸ್ತೀವಿ. ನನಗೆ ನಮ್ಮದೇ ಸಲೀಸು.

ವಿಮೆ ಕಾಗದದಲ್ಲಿ ಬರೋ ‘ಕ್ರಾಪ್ ಕಟಿಂಗ್’ ನಿಮ್ಮ ಕೊಯ್ಲಲ್ಲ. ಆಯ್ದ ಹೊಲಗಳಲ್ಲಿ, ರಾಗಿಗಾದ್ರೆ ಸಾಮಾನ್ಯವಾಗಿ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡು ಗುರುತು ಹಾಕಿ, ಕೊಯ್ದು, ತೂಗಿ ಇಳುವರಿ ಲೆಕ್ಕ ಹಾಕೋ ಪ್ರಯೋಗ. ಪರಿಹಾರ ಆ ಲೆಕ್ಕದ ಮೇಲೆ ಬರೋದ್ರಿಂದ ಆ ದಿನ ಹೊಲದ ಹತ್ತಿರ ಇರಿ.

ಬಾಗೇಪಲ್ಲಿ ಅಣ್ಣ ಮಗಳ ಹೋಮ್‌ವರ್ಕಿಗೂ ಕ್ರಾಪ್ ಜೊತೆ ಬರೋ ಪದ ಕೇಳಿದ್ರಲ್ಲ: ‘ಗ್ರೋ ಎ ಕ್ರಾಪ್’, ‘ಹಾರ್ವೆಸ್ಟ್ ಎ ಕ್ರಾಪ್’, ‘ದ ಕ್ರಾಪ್ ಫೇಲ್ಡ್’ ಇಷ್ಟು ಬರೀಲಿ. ‘ಕ್ರೀಮ್ ಆಫ್ ದ ಕ್ರಾಪ್’ ಅಂದ್ರೆ ಗುಂಪಿನಲ್ಲಿ ಆರಿಸಿದ ಉತ್ತಮರು, ಹಾಲಿನ ಕೆನೆಗೂ ಹೊಲಕ್ಕೂ ಸಂಬಂಧ ಇಲ್ಲ. ‘ರೈಡಿಂಗ್ ಕ್ರಾಪ್’ ಕುದುರೆ ಸವಾರರ ಚಾಟಿ ಕೋಲು, ಅದನ್ನೂ ಸೇರಿಸಿದ್ರೆ ಮೇಡಂ ಖುಷಿಯಾಗ್ತಾರೆ.

ಅಣ್ಣ, ನೀವು ಹಾಕಿರೋ ಕರಪತ್ರದ ಫೋಟೊದಲ್ಲಿ ಔಷಧಿ ಪ್ರಮಾಣದ ಸಾಲು ಅರ್ಧಕ್ಕೆ ಹೋಗಿದೆ. ಪೂರ್ತಿ ಹಾಳೆ ಇನ್ನೊಂದ್ಸಲ ಹಾಕಿ, ಈ ಸಲ ಕ್ರಾಪ್ ಮಾಡ್ಬೇಡಿ.