‘ಅರಳುವುದು’ ಎಂದವರು ಯಾರು?

ಮಾನ್ಯರೆ,

ಇಂಡೊನೇಷ್ಯಾದ ಪೂರ್ವ ತುದಿಯ ಪಪುವಾ ಪ್ರದೇಶವನ್ನು ಒಡೆದು ರಚಿಸಿದ ಹೊಸ ಪ್ರಾಂತಗಳ ಕುರಿತ ನಮ್ಮ ಲೇಖನ ಏಕಪಕ್ಷೀಯವಾಗಿದೆ, ಇಂಡೊನೇಷ್ಯಾದ ಪತ್ರಿಕೆಗಳೇ ಅವನ್ನು ಸ್ವಾಗತಿಸಿರುವಾಗ ನಾವು ವಿರೋಧವನ್ನಷ್ಟೇ ಎತ್ತಿ ತೋರಿಸಿದ್ದೇವೆ ಎಂದು ಆಕ್ಷೇಪಿಸಿದ್ದೀರಿ. ನಿಮ್ಮ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಪ್ರಾಂತ ವಿಭಜನೆಗೆ ಇಂಡೊನೇಷ್ಯಾದ ಆಡಳಿತವೂ ಪತ್ರಿಕೆಗಳೂ ಬಳಸುವ ಪದ ‘ಪೆಮೆಕಾರನ್’. ‘ಮೆಕಾರ್’ ಎಂದರೆ ಹೂವು ಅರಳುವುದು. ವಿರೋಧಿಸುವವರೂ ‘ಪೆಮೆಕಾರನ್ ಬೇಡ’ ಎಂದೇ ಕೂಗಬೇಕು; ಅಂದರೆ ಅರಳುವುದು ಬೇಡ ಎನ್ನಬೇಕು. ಇಂಥ ಪದವನ್ನು ತಲೆಬರಹದಲ್ಲಿಟ್ಟ ವರದಿ, ಮೊದಲ ವಾಕ್ಯಕ್ಕೆ ಮುಂಚೆಯೇ ಒಂದು ಪಕ್ಷಕ್ಕೆ ವಾಲಿರುತ್ತದೆ. ಅದರ ಕೆಳಗೆ ಸಚಿವರು, ಸಂಸದರು, ಜಿಲ್ಲಾ ಮುಖ್ಯಸ್ಥರ ಹೇಳಿಕೆಗಳೇ ತುಂಬಿದ್ದರೆ, ಅದನ್ನು ಪಪುವಾದ ಜನಾಭಿಪ್ರಾಯವೆಂದು ಓದಲು ನನಗೆ ಮನಸ್ಸೊಪ್ಪುವುದಿಲ್ಲ.

2001ರ ವಿಶೇಷ ಸ್ವಾಯತ್ತತಾ ಕಾಯ್ದೆಯ ಪ್ರಕಾರ, ಮೂಲನಿವಾಸಿಗಳನ್ನು ಪ್ರತಿನಿಧಿಸುವ ಪಪುವಾ ಜನಸಭೆಯ ಒಪ್ಪಿಗೆಯಿಲ್ಲದೆ ಪ್ರಾಂತವನ್ನು ಒಡೆಯುವಂತಿರಲಿಲ್ಲ. 2021ರ ತಿದ್ದುಪಡಿ, ಆ ಒಪ್ಪಿಗೆಗೆ ಕಾಯದೆಯೂ ಹೊಸ ಪ್ರಾಂತ ರಚಿಸುವ ದಾರಿಯನ್ನು ಜಕಾರ್ತಾದ ಕೇಂದ್ರ ಸರ್ಕಾರಕ್ಕೆ ತೆರೆದುಕೊಟ್ಟಿತು. 2022ರ ಜೂನ್ 30ರಂದು ಮೂರು, ನವೆಂಬರ್‌ನಲ್ಲಿ ಮತ್ತೊಂದು ಪ್ರಾಂತಕ್ಕೆ ಸಂಸತ್ತು ಅನುಮೋದನೆ ನೀಡಿ, ಎರಡಿದ್ದದ್ದು ಆರಾಯಿತು. ಅದಕ್ಕೂ ಮೊದಲು, ಮಾರ್ಚ್ 15ರಂದು, ಯಾಹುಕಿಮೊ ಜಿಲ್ಲೆಯ ದೆಕಾಯಿ ಪಟ್ಟಣದಲ್ಲಿ ಇದೇ ಯೋಜನೆಯ ವಿರುದ್ಧ ಮೆರವಣಿಗೆ ಹೊರಟವರಲ್ಲಿ ಇಬ್ಬರು ಗುಂಡೇಟಿಗೆ ಸತ್ತರು. ನಮ್ಮ ಲೇಖನ ವಿರೋಧಕ್ಕೆ ಹೆಚ್ಚು ಜಾಗ ಕೊಟ್ಟದ್ದು ಈ ಕಾರಣಕ್ಕೆ. 1969ರಲ್ಲಿ ಆಯ್ದ ಸಾವಿರದಷ್ಟು ಮಂದಿಯ ಕೈಯೆತ್ತಿಸಿ ಇಡೀ ನಾಡು ಇಂಡೊನೇಷ್ಯಾದಲ್ಲೇ ಉಳಿಯಬೇಕೆಂದು ತೀರ್ಮಾನಿಸಿದ್ದನ್ನು ಮರೆಯದ ಜನರಿಗೆ, ತಮ್ಮನ್ನು ಕೇಳದೆ ಎಳೆದ ಹೊಸ ಗಡಿ ಬರೀ ಆಡಳಿತದ ವಿಷಯವಾಗಿ ಕಾಣುವುದು ಹೇಗೆ? ಹೊಸ ಕಚೇರಿಗಳ ಜೊತೆ ಹೊಸ ಠಾಣೆಗಳೂ ಹೊರಗಿನ ವಲಸಿಗರೂ ಬರುತ್ತಾರೆಂಬ ಅವರ ಭಯವನ್ನು ಪಪುವಾ ಪ್ರಾಂತದ ರಾಜಧಾನಿ ಜಯಾಪುರದ ‘ಜುಬಿ’ಯಂಥ ಸ್ಥಳೀಯ ಪತ್ರಿಕೆ ದಾಖಲಿಸುತ್ತ ಬಂದಿದೆ. ಆ ಪತ್ರಿಕೆಯ ಕಚೇರಿಯ ಮೇಲೆ 2024ರಲ್ಲಿ ಪೆಟ್ರೋಲ್ ಬಾಂಬ್ ಬಿತ್ತು. ವಿದೇಶಿ ಪತ್ರಕರ್ತರಿಗೆ ಅಲ್ಲಿ ಮುಕ್ತ ಪ್ರವೇಶವಿಲ್ಲ. ಹೀಗಿರುವಾಗ ಯಾವ ಅಭಿಪ್ರಾಯ ಎಷ್ಟು ಬಾರಿ ಅಚ್ಚಾಯಿತು ಎಂಬ ಲೆಕ್ಕ ನಮಗೆ ಹೆಚ್ಚೇನೂ ಹೇಳದು.

ಇನ್ನು ನಿಮ್ಮ ಆಕ್ಷೇಪದ ಸತ್ಯಾಂಶ. ದಕ್ಷಿಣದ ಮೆರೌಕೆಯಲ್ಲಿ ಪ್ರತ್ಯೇಕ ಪ್ರಾಂತದ ಬೇಡಿಕೆ ಎರಡು ದಶಕಗಳಷ್ಟು ಹಳೆಯದು, ಅದನ್ನು ಎತ್ತಿದವರಲ್ಲಿ ಅಲ್ಲಿನ ಮೂಲನಿವಾಸಿ ನಾಯಕರೂ ಇದ್ದರು. ಮಲೆಸೀಮೆಯ ವಮೇನಾದಿಂದ ಜಯಾಪುರಕ್ಕೆ ಹೋಗಲು ಬಹುಮಟ್ಟಿಗೆ ವಿಮಾನವೇ ಗತಿಯಾದ್ದರಿಂದ, ಸರ್ಕಾರ ಹತ್ತಿರ ಬರಲಿ ಎಂಬ ಆಸೆಯೂ ಸುಳ್ಳಲ್ಲ. ಇವೆರಡನ್ನೂ ನಮ್ಮ ಲೇಖನ ಬಿಟ್ಟದ್ದು ತಪ್ಪು. ಮುಂದಿನ ಸಂಚಿಕೆಯಲ್ಲಿ ಮೆರೌಕೆಯ ಬೇಡಿಕೆಗೇ ಮೀಸಲಾದ ಬರಹವನ್ನು ಪ್ರಕಟಿಸುತ್ತೇವೆ.

– ಸಂಪಾದಕ